ಜನಮತಗಣನೆಯ ಫಲಿತಾಂಶವನ್ನು ಪ್ರಶ್ನಿಸಬಹುದೇ? ಐರ್ಲೆಂಡ್‌ನ ಕಾನೂನು ಹೇಳುವುದೇನು

ಪ್ರಶ್ನೆ: ಐರ್ಲೆಂಡ್‌ನ ಪೌರತ್ವ ಪಡೆದು ಅಲ್ಲೇ ನೆಲೆಸಿದ್ದೇನೆ. ಸಂವಿಧಾನ ತಿದ್ದುಪಡಿಗೆ ನಡೆಯುವ ಜನಮತಗಣನೆಯಲ್ಲಿ ಅಕ್ರಮವಾಗಿದೆ ಅನಿಸಿದರೆ ನನ್ನಂಥ ಮತದಾರರು ಕೋರ್ಟಿಗೆ ಹೋಗಬಹುದೇ?
– ಓದುಗರು, ಡಬ್ಲಿನ್

ಉತ್ತರ: ಹೋಗಬಹುದು, ಆದರೆ ದಾರಿ ಒಂದೇ: 1994ರ ರೆಫರೆಂಡಂ (ಜನಮತಗಣನೆ) ಕಾಯ್ದೆಯ 42ನೇ ಸೆಕ್ಷನ್ನಿನ ಪ್ರಕಾರ ಹೈಕೋರ್ಟಿಗೆ ಅರ್ಜಿ. ಎಣಿಕೆ ಮುಗಿದಾಗ ಅಧಿಕಾರಿ ಕೊಡುವುದು ಫಲಿತಾಂಶದ ತಾತ್ಕಾಲಿಕ ಪ್ರಮಾಣಪತ್ರ ಮಾತ್ರ. ಅದು ಸರ್ಕಾರಿ ಗೆಜೆಟ್‌ನಲ್ಲಿ ಪ್ರಕಟವಾದ 7 ದಿನದೊಳಗೆ ನೀವು ಕೋರ್ಟಿನ ಮುಂದಿರಬೇಕು. ಯಾರೂ ಬರದಿದ್ದರೆ ಅದೇ ಅಂತಿಮವಾಗುತ್ತದೆ, ಮಸೂದೆ ರಾಷ್ಟ್ರಪತಿಯ ಸಹಿಗೆ ಹೋಗುತ್ತದೆ.

ಆ 7 ದಿನದಲ್ಲಿ ಸಲ್ಲಿಸುವುದು ಮೂಲ ಅರ್ಜಿಯನ್ನಲ್ಲ, ಅರ್ಜಿ ಹಾಕಲು ಅನುಮತಿ ಕೊಡಿ ಎಂಬ ಕೋರಿಕೆಯನ್ನು. ಅದಕ್ಕೂ ಎರಡು ಷರತ್ತುಗಳಿವೆ. ಮೊದಲನೆಯದು, ಕಾಯ್ದೆ ಹೇಳುವ ಕಾರಣಗಳಲ್ಲಿ ಒಂದಕ್ಕಾದರೂ ಮೇಲ್ನೋಟದ ಸಾಕ್ಷ್ಯ ಇರಬೇಕು: ಚುನಾವಣಾ ಅಪರಾಧ, ಮತದಾನಕ್ಕೆ ಅಡ್ಡಿ ಅಥವಾ ಹಸ್ತಕ್ಷೇಪ, ಕಾಯ್ದೆಯಂತೆ ಪ್ರಕ್ರಿಯೆ ನಡೆಸದಿರುವುದು, ತಪ್ಪು ಅಥವಾ ಲೋಪ. ಎರಡನೆಯದೇ ಕಷ್ಟದ್ದು: ಆ ಲೋಪ ಇಡೀ ಜನಮತಗಣನೆಯ ಫಲಿತಾಂಶದ ಮೇಲೆ ಗಣನೀಯ ಪರಿಣಾಮ ಬೀರುವಂಥದ್ದಾಗಿರಬೇಕು. ಒಂದು ಮತಗಟ್ಟೆಯಲ್ಲಿ ಪೆಟ್ಟಿಗೆಗೆ ಸರಿಯಾಗಿ ಸೀಲ್ ಹಾಕಿರಲಿಲ್ಲ ಎಂದು ನೀವು ನೂರಕ್ಕೆ ನೂರು ಸಾಬೀತು ಮಾಡಿದರೂ, ಗೆಲುವಿನ ಅಂತರ ಲಕ್ಷಗಳಲ್ಲಿದ್ದರೆ ಅನುಮತಿಯ ಹಂತದಲ್ಲೇ ಮಾತು ಮುಗಿಯಿತು.

ಪ್ರಶ್ನೆ: ಸರ್ಕಾರವೇ ತಪ್ಪು ಮಾಡಿದೆ ಎಂದು ಸುಪ್ರೀಂ ಕೋರ್ಟ್ ಹೇಳಿದ ಮೇಲೂ ಫಲಿತಾಂಶ ಉಳಿದ ಉದಾಹರಣೆ ಇದೆಯಂತೆ. ಅದು ಹೇಗೆ ಸಾಧ್ಯ?
– ಕಾನೂನು ವಿದ್ಯಾರ್ಥಿ, ಧಾರವಾಡ

ಉತ್ತರ: ನೀವು ಕೇಳಿರುವುದು ವಿಚ್ಛೇದನಕ್ಕೆ ಅವಕಾಶ ಕೊಡುವ ತಿದ್ದುಪಡಿಯ ವಿಷಯ. ಮತದಾನ ನಡೆದದ್ದು 1995ರ ನವೆಂಬರ್ 24ರಂದು. ಅದಕ್ಕೆ ಒಂದು ವಾರ ಮುಂಚೆ, 17ರಂದು, ಮೆಕೆನ್ನಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟಿತು: ‘ಹೌದು’, ‘ಇಲ್ಲ’ಗಳಲ್ಲಿ ಒಂದೇ ಕಡೆಯ ಪ್ರಚಾರಕ್ಕೆ ಸರ್ಕಾರ 5 ಲಕ್ಷ ಪೌಂಡ್ ಸಾರ್ವಜನಿಕ ಹಣ ಬಳಸುವುದು ಸಂವಿಧಾನಬಾಹಿರ. ಆಮೇಲೆ ‘ಹೌದು’ ಕಡೆಯವರು ಗೆದ್ದದ್ದು ಕೇವಲ 9,114 ಮತಗಳಿಂದ, 50.28 ಶೇಕಡಾಕ್ಕೆ 49.72. ಇದಕ್ಕಿಂತ ಗಟ್ಟಿ ಪ್ರಕರಣ ಯಾರಿಗೆ ಸಿಕ್ಕೀತು ಎಂದು ಯಾರಿಗಾದರೂ ಅನಿಸುತ್ತದೆ.

ಮಾಜಿ ಸೆನೆಟರ್ ಡೆಸ್ ಹನಾಫಿನ್ ಅರ್ಜಿ ಹಾಕಿದರು. ಹೈಕೋರ್ಟಿನಲ್ಲೂ, 1996ರ ಜೂನ್‌ನಲ್ಲಿ ಸುಪ್ರೀಂ ಕೋರ್ಟಿನಲ್ಲೂ ಸೋತರು. ತಪ್ಪು ಸಾಬೀತಾಗಿತ್ತು, ತಪ್ಪಿನಿಂದಲೇ ಮತ ಆ ಕಡೆ ವಾಲಿತು ಎಂಬುದು ಸಾಬೀತಾಗಲಿಲ್ಲ. ಜಾಹೀರಾತು ನೋಡಿ ಯಾರು ಮನಸ್ಸು ಬದಲಿಸಿದರು ಎಂದು ತೋರಿಸುವುದು ಹೇಗೆ? ಮತದಾನ ಗುಪ್ತ. ಸಮೀಕ್ಷೆಗಳನ್ನು ತಂದರೆ, ಪ್ರಚಾರದ ವಾರಗಳಲ್ಲಿ ‘ಹೌದು’ ಬೆಂಬಲ ಏರಲಿಲ್ಲ, ಇಳಿದಿತ್ತು! ಅರ್ಜಿದಾರರಿಗೆ ಅದೇ ಮುಳುವಾಯಿತು.

ಮಕ್ಕಳ ಹಕ್ಕುಗಳ ತಿದ್ದುಪಡಿಯಲ್ಲಿ ಇದೇ ಮತ್ತೆ ಆಯಿತು. 2012ರ ನವೆಂಬರ್ 10ರ ಮತದಾನಕ್ಕೆ ಎರಡು ದಿನ ಮುಂಚೆ, ಸರ್ಕಾರದ 11 ಲಕ್ಷ ಯೂರೋ ವೆಚ್ಚದ ‘ಮಾಹಿತಿ’ ಪ್ರಚಾರ ನಿಷ್ಪಕ್ಷಪಾತವಾಗಿರಲಿಲ್ಲ ಎಂದು ಸುಪ್ರೀಂ ಕೋರ್ಟ್ ಹೇಳಿತು. ಫಲಿತಾಂಶ ಸುಮಾರು 58–42. ಅದರ ವಿರುದ್ಧದ ಅರ್ಜಿಯೂ 2015ರಲ್ಲಿ ಬಿದ್ದುಹೋಯಿತು. ಆದರೆ ಆ ತೀರ್ಪಿನಲ್ಲಿ ಅಳತೆಗೋಲು ಸ್ವಲ್ಪ ಸಡಿಲವಾಯಿತು. ಪರಿಣಾಮ ಬೀರಿಯೇ ತೀರಿದೆ ಎಂದು ತೋರಿಸಬೇಕಿಲ್ಲ. ಬೀರಿರುವ ಸಾಧ್ಯತೆ ಯುಕ್ತವಾಗಿ ಇದೆ, ಹಾಗಾಗಿ ವಿವೇಚನೆಯುಳ್ಳ ಯಾರೂ ಈ ಫಲಿತಾಂಶವನ್ನು ನಂಬಲಾರರು ಎಂದು ತೋರಿಸಿದರೆ ಸಾಕು. ನಮ್ಮ ಅಭಿಪ್ರಾಯದಲ್ಲಿ, ಅಂತರ 1995ರಷ್ಟು ಚಿಕ್ಕದಿದ್ದಾಗ ಮಾತ್ರ ಈ ಸಡಿಲಿಕೆಗೆ ಬೆಲೆ.

ಹಾಗಾಗಿ ಸರ್ಕಾರದ ಖರ್ಚು, ಕರಪತ್ರಗಳ ಬಗ್ಗೆ ತಕರಾರಿದ್ದರೆ ಮತದಾನಕ್ಕೆ ಮುಂಚೆಯೇ ಕೋರ್ಟಿಗೆ ಹೋಗಿ. ಮೇಲಿನ ಎರಡೂ ಪ್ರಕರಣಗಳಲ್ಲಿ ಗೆಲುವು ಸಿಕ್ಕಿದ್ದು ಆಗಲೇ.

ಪ್ರಶ್ನೆ: ಅರ್ಜಿ ಹಾಕಿದರೆ ತಿದ್ದುಪಡಿ ನಿಲ್ಲುತ್ತದೆಯೇ?
– ಓದುಗರು, ಮೈಸೂರು

ಉತ್ತರ: ತೀರ್ಮಾನವಾಗುವವರೆಗೆ ಸಹಿ ಬೀಳುವುದಿಲ್ಲ. 2012ರ ತಿದ್ದುಪಡಿಗೆ ಸಹಿ ಬಿದ್ದದ್ದು 2015ರ ಏಪ್ರಿಲ್‌ನಲ್ಲಿ. ಗರ್ಭಪಾತದ ಬಗೆಗಿನ 2018ರ ಮೇ 25ರ ಮತದಾನದಲ್ಲಿ ಅಂತರ 7 ಲಕ್ಷ ದಾಟಿತ್ತು. ಅದರ ವಿರುದ್ಧದ ಕೋರಿಕೆಗಳು ಅನುಮತಿಯ ಹಂತ ದಾಟಲಿಲ್ಲ, ಆದರೂ ಸಹಿಗೆ ಸೆಪ್ಟೆಂಬರ್ 18ರವರೆಗೆ ಕಾಯಬೇಕಾಯಿತು. ಸೋತವರಿಗೆ ಎದುರು ಪಕ್ಷದ ವಕೀಲರ ಖರ್ಚೂ ತಲೆಗೆ ಬರಬಹುದು. ಅದನ್ನು ವಕೀಲರ ಹತ್ತಿರ ಮೊದಲೇ ಮಾತಾಡಿಕೊಳ್ಳಿ.

ಪ್ರಶ್ನೆ: ನಮ್ಮಲ್ಲಿರುವ ‘ಮೂಲ ಸ್ವರೂಪ’ದ ವಾದ ಅಲ್ಲಿ ನಡೆಯುತ್ತದೆಯೇ?
– ಓದುಗರು, ಕಾಸರಗೋಡು

ಉತ್ತರ: ಇಲ್ಲ. ನಿಮ್ಮೂರ ಎಡನೀರು ಮಠದ ಕೇಶವಾನಂದ ಭಾರತಿ ಸ್ವಾಮೀಜಿಯವರ ಪ್ರಕರಣದಲ್ಲಿ 1973ರಲ್ಲಿ 7–6ರ ಬಹುಮತದಿಂದ ಬಂದ ಆ ತತ್ತ್ವ, ಅಂದರೆ ಸಂವಿಧಾನದ ಮೂಲ ಸ್ವರೂಪವನ್ನು ತಿದ್ದುಪಡಿಯಿಂದಲೂ ಬದಲಿಸುವಂತಿಲ್ಲ ಎಂಬುದು, ಸಂಸತ್ತಿನ ಅಧಿಕಾರಕ್ಕೆ ಹಾಕಿದ ಕಡಿವಾಣ. ಐರ್ಲೆಂಡ್‌ನಲ್ಲಿ ತಿದ್ದುಪಡಿಗೆ ಕೊನೆಯ ಒಪ್ಪಿಗೆ ಕೊಡುವವರು ಜನರೇ. ಸಂವಿಧಾನಕ್ಕೂ ಮೇಲೆ ನೈಸರ್ಗಿಕ ಕಾನೂನು (ಮನುಷ್ಯ ಮಾಡದ, ಸಹಜವಾಗಿಯೇ ಇರುವ ನಿಯಮ) ಇದೆ ಎಂಬ ವಾದವನ್ನು ಅಲ್ಲಿನ ಸುಪ್ರೀಂ ಕೋರ್ಟ್ 1995ರಲ್ಲಿ ತಳ್ಳಿಹಾಕಿದೆ. ಮತದಾನ ಹೇಗೆ ನಡೆಯಿತು ಎಂಬುದನ್ನು ಪ್ರಶ್ನಿಸಬಹುದು. ಜನರು ಏನನ್ನು ಒಪ್ಪಿದರು ಎಂಬುದನ್ನಲ್ಲ.