ಒಂದು ಮನೆಯಲ್ಲಿ ಯಾರ ಮಾತು ನಡೆಯುತ್ತದೆ? ಇತ್ತೀಚೆಗೆ ಓದಿದ ಕೆಲವು ಪುಸ್ತಕಗಳು

ಇತ್ತೀಚೆಗೆ ಓದಿದ ಬೇರೆ ಬೇರೆ ಬಗೆಯ ಪುಸ್ತಕಗಳ ಬಗ್ಗೆ ನಿಮ್ಮ ಅನಿಸಿಕೆ ಏನು ಅಂತ ಕೇಳಿದ್ದೀರಿ. ಈಚೆಗೆ ನಾನು ಓದಿದ್ದರಲ್ಲಿ ಒಂದು ಕಿರುಕಾದಂಬರಿ, ಕೆಲವು ಸಣ್ಣಕತೆಗಳು, ಒಂದು ಆತ್ಮಕತೆ, ಒಂದು ವಿಜ್ಞಾನದ ಪುಸ್ತಕ, ಒಂದು ಅನುವಾದ ಇವೆ. ಇದನ್ನೇ ಓದಬೇಕು ಅಂತ ಮೊದಲೇ ಪಟ್ಟಿ ಮಾಡಿಕೊಂಡಿರಲಿಲ್ಲ, ಕೈಗೆ ಸಿಕ್ಕ ಹಾಗೆ ಓದಿದೆ. ಆದರೆ ಒಂದರ ಹಿಂದೆ ಒಂದು ಓದಿದ್ದರಿಂದ, ಮೊದಲನೆಯದರಲ್ಲಿ ಹುಟ್ಟಿದ ಪ್ರಶ್ನೆಯನ್ನು ಹಿಡಿದುಕೊಂಡೇ ಮುಂದಿನದನ್ನು ಓದುವ ಹಾಗಾಯಿತು. ಆ ಪ್ರಶ್ನೆ ಇಷ್ಟೇ: ಒಂದು ಮನೆಯಲ್ಲಿ ಯಾರ ಮಾತು ನಡೆಯುತ್ತದೆ, ಯಾರು ಬಾಯಿ ಮುಚ್ಚಿಕೊಂಡು ಇರಬೇಕಾಗುತ್ತದೆ?

ಶುರುವಾಗಿದ್ದು ವಿವೇಕ ಶಾನಭಾಗರ 'ಘಾಚರ್ ಘೋಚರ್'ನಿಂದ. 2013ರಲ್ಲಿ ಕನ್ನಡದಲ್ಲಿ ಬಂದ ಕಿರುಕಾದಂಬರಿ, ಆಮೇಲೆ ಇಂಗ್ಲಿಷಿಗೂ ಹೋಗಿ ಹೊರದೇಶಗಳಲ್ಲೂ ಓದುಗರನ್ನು ಸಂಪಾದಿಸಿತು. ಬೆಂಗಳೂರಿನ ಒಂದು ಕುಟುಂಬ. ಅಪ್ಪನ ಸಂಬಳದಲ್ಲಿ ಲೆಕ್ಕ ಹಾಕಿ ಹಾಕಿ ಖರ್ಚು ಮಾಡುತ್ತಿದ್ದವರು. ಚಿಕ್ಕಪ್ಪ ಮಸಾಲೆ ಪದಾರ್ಥಗಳ ವ್ಯಾಪಾರ ಶುರು ಮಾಡುತ್ತಾನೆ, ದುಡ್ಡು ಬರುತ್ತದೆ, ದೊಡ್ಡ ಮನೆಗೆ ಹೋಗುತ್ತಾರೆ. ಅಲ್ಲಿಂದ ಇಡೀ ಮನೆ ಚಿಕ್ಕಪ್ಪನ ಸುತ್ತ ತಿರುಗುತ್ತದೆ. ಅವನು ಎದ್ದ ಕೂಡಲೇ ಚಹಾ, ಅವನಿಗೆ ಇಷ್ಟವಾದ ತಿಂಡಿ. ಯಾರೂ ಯಾರಿಗೂ ಹೀಗೆ ಮಾಡಿ ಅಂತ ಹೇಳಿರುವುದಿಲ್ಲ. ತನ್ನಿಂದ ತಾನೇ ಆಗುತ್ತದೆ. ನನಗೆ ಭಯವಾಗಿದ್ದು ಅದಕ್ಕೇ.

ಇದರಲ್ಲಿ ಒಂದು ಪ್ರಸಂಗ ಇದೆ. ಒಂದು ದಿನ ಒಬ್ಬ ಹೆಂಗಸು ಚಿಕ್ಕಪ್ಪನನ್ನು ಕೇಳಿಕೊಂಡು ಬಾಗಿಲಿಗೆ ಬರುತ್ತಾಳೆ. ಕೈಯಲ್ಲಿ ಅವನಿಗೆ ಅಂತ ಮಾಡಿ ತಂದ ಮಸೂರ ಬೇಳೆಯ ಸಾರಿನ ಡಬ್ಬಿ. ಒಳಗಿನ ಹೆಂಗಸರು ಅವಳ ಮೇಲೆ ಮುಗಿಬೀಳುತ್ತಾರೆ. ಬಾಯಿಗೆ ಬಂದ ಹಾಗೆ ಬೈದು ಓಡಿಸುತ್ತಾರೆ. ಕತೆ ಹೇಳುವವನು ಅಲ್ಲೇ ಇದ್ದೂ ಏನೂ ಮಾಡುವುದಿಲ್ಲ. ಇದು ತಪ್ಪು ಅಂತ ದನಿ ಎತ್ತುವವಳು ಅವನ ಹೆಂಡತಿ ಅನಿತಾ ಮಾತ್ರ. ಅವಳು ಆ ಮನೆಗೆ ಹೊಸಬಳು, ಆ ದುಡ್ಡಿನ ಲೆಕ್ಕ ಇನ್ನೂ ಅವಳ ತಲೆಗೆ ಹತ್ತಿಲ್ಲ. ಆ ಪುಟಗಳನ್ನು ಓದುವಾಗ ನಾನು ಅನಿತಾಳ ಪಕ್ಷ ವಹಿಸಿದೆ, ಅದೇನೂ ದೊಡ್ಡ ಮಾತಲ್ಲ, ಎಲ್ಲರೂ ಹಾಗೇ ಮಾಡುತ್ತಾರೆ. ಆದರೆ ಕತೆ ಹೇಳುವವನ ಅಮ್ಮನ ಸಿಟ್ಟೂ ನನಗೆ ಅರ್ಥವಾಯಿತು. ಬಡತನಕ್ಕೆ ವಾಪಸ್ ಹೋಗಬೇಕಾದೀತು ಅನ್ನುವ ಹೆದರಿಕೆ ಮನುಷ್ಯರನ್ನು ಎಷ್ಟು ಕ್ರೂರಿಗಳನ್ನಾಗಿ ಮಾಡಬಹುದು ಅನ್ನುವುದನ್ನು ಶಾನಭಾಗರು ಎಲ್ಲೂ ಭಾಷಣ ಮಾಡದೆ ಆ ಡಬ್ಬಿಯ ಮೂಲಕವೇ ತೋರಿಸಿಬಿಟ್ಟಿದ್ದಾರೆ. ಕೊನೆಯಲ್ಲಿ ಏನಾಗುತ್ತದೆ ಅಂತ ಹೇಳುವುದಿಲ್ಲ. ಕೊನೆ ಓದಿದ ಮೇಲೆ ಮತ್ತೆ ಮೊದಲ ಪುಟಕ್ಕೆ ಹೋಗುತ್ತೀರಿ, ಅಷ್ಟು ಮಾತ್ರ ಗ್ಯಾರಂಟಿ.

ಅದಾದ ಮೇಲೆ ಓದಿದ್ದು ಬಾನು ಮುಷ್ತಾಕ್ ಅವರ ಕತೆಗಳನ್ನು. 2025ರ ಮೇ ತಿಂಗಳಲ್ಲಿ ಇಂಟರ್‌ನ್ಯಾಷನಲ್ ಬೂಕರ್ ಬಂದಾಗ ಎಲ್ಲರ ಬಾಯಲ್ಲೂ ಅವರ ಹೆಸರೇ ಇತ್ತು. ದೀಪಾ ಭಾಸ್ತಿ ಇಂಗ್ಲಿಷಿಗೆ ತಂದ 12 ಕತೆಗಳ 'ಹಾರ್ಟ್ ಲ್ಯಾಂಪ್'ಗೆ ಆ ಪ್ರಶಸ್ತಿ ಸಿಕ್ಕಿತು. ಕನ್ನಡದಿಂದ ಹೋದ ಪುಸ್ತಕಕ್ಕೆ ಇದು ಮೊದಲು, ಸಣ್ಣಕತೆಗಳ ಸಂಕಲನಕ್ಕೂ ಮೊದಲು. ಖುಷಿ ಆಗುವುದು ಸಹಜ. ಆದರೆ ಕನ್ನಡ ಬಲ್ಲವರು ದಯವಿಟ್ಟು ಕನ್ನಡದಲ್ಲೇ ಓದಿ. ಹಾಸನ ಕಡೆಯ ಮುಸ್ಲಿಂ ಮನೆಗಳ ಒಳಗಿನ ಮಾತು, ಉರ್ದು ಬೆರೆತ ಕರೆಯುವಿಕೆ, ಬೈಗುಳ, ಗೋಳು ಎಲ್ಲ ಇಲ್ಲಿ ಕಿವಿಗೇ ಕೇಳಿಸುತ್ತದೆ.

'ಎದೆಯ ಹಣತೆ' ಕತೆಯ ಮೆಹರುನ್ ಕೈಗೂಸನ್ನು ಎತ್ತಿಕೊಂಡು ತವರಿಗೆ ಬರುತ್ತಾಳೆ. ಗಂಡ ಬೇರೊಬ್ಬಳ ಹಿಂದೆ ಹೋಗಿದ್ದಾನೆ. ಅಪ್ಪ ಅಮ್ಮ ಇದ್ದಾರೆ, ಅಣ್ಣತಮ್ಮಂದಿರು ಇದ್ದಾರೆ. ಹೆತ್ತ ಮನೆ ಕೈ ಬಿಡುವುದಿಲ್ಲ ಅಂತ ಅವಳ ನಂಬಿಕೆ. ಆದರೆ ಅವರು ಮಾನ ಮರ್ಯಾದೆಯ ಮಾತಾಡಿ, ಅವತ್ತೇ ವಾಪಸ್ ಕರೆದುಕೊಂಡು ಹೋಗಿ ಗಂಡನ ಮನೆಗೆ ಬಿಟ್ಟು ಬರುತ್ತಾರೆ. ಆ ರಾತ್ರಿ ಅವಳು ಸೀಮೆಎಣ್ಣೆ ಕೈಗೆ ತೆಗೆದುಕೊಳ್ಳುತ್ತಾಳೆ. ತಡೆಯುವವಳು ಹಿರಿಮಗಳು ಸಲ್ಮಾ. ಇನ್ನೂ ಚಿಕ್ಕ ಹುಡುಗಿ. ದೊಡ್ಡವರೆಲ್ಲ ತಮ್ಮ ಪಾಡಿಗೆ ಮಲಗಿರುವ ಹೊತ್ತಿನಲ್ಲಿ ಒಂದು ಮಗು ತಾಯಿಗೆ ತಾಯಿಯಾಗಬೇಕಾಗುತ್ತದೆ. ಇದನ್ನು ಓದಿ ನನಗೆ ದುಃಖಕ್ಕಿಂತ ಜಾಸ್ತಿ ಸಿಟ್ಟು ಬಂತು. ಯಾಕೆಂದರೆ ಇದು ಒಂದು ಧರ್ಮದ ಮನೆಯ ಕತೆ ಮಾತ್ರ ಅಲ್ಲವೇ ಅಲ್ಲ. 'ಕೊಟ್ಟ ಹೆಣ್ಣು ಕುಲಕ್ಕೆ ಹೊರಗೆ' ಅಂತ ನಮ್ಮ ಊರುಗಳಲ್ಲಿ ಎಲ್ಲ ಜಾತಿಯವರೂ ಹೇಳುತ್ತಾರೆ ಅಲ್ವಾ? ತವರಿಗೆ ಬಂದ ಮಗಳಿಗೆ ಊಟ ಬಡಿಸುವ ಮುಂಚೆಯೇ 'ಯಾವಾಗ ಹೊರಡ್ತೀಯ' ಅಂತ ಕೇಳುವುದನ್ನು ನಾನೇ ನೋಡಿದ್ದೇನೆ.

ಬಾನು ಅವರ ಎಲ್ಲ ಕತೆಗಳೂ ಇದೇ ಎತ್ತರದಲ್ಲಿ ಇಲ್ಲ. ಕೆಲವು ಕಡೆ ಪಾತ್ರ ಮಾತಾಡುವುದನ್ನು ನಿಲ್ಲಿಸಿ ಲೇಖಕಿಯೇ ಮಾತಾಡುತ್ತಾರೆ ಅನ್ನಿಸಿತು. ಅವರು ವಕೀಲರು, ಪತ್ರಕರ್ತರಾಗಿದ್ದವರು, ಬಂಡಾಯ ಸಾಹಿತ್ಯದ ಕಾಲದಿಂದ ಬಂದವರು. ಅನ್ಯಾಯ ಕಂಡರೆ ವಾದ ಮಾಡದೆ ಇರಲಾರರು. ಓದುವವಳಾಗಿ ನನಗೆ ಅವರು ಸುಮ್ಮನೆ ತೋರಿಸಿ ಬಿಟ್ಟ ಜಾಗಗಳೇ ಹೆಚ್ಚು ಇಷ್ಟ.

ಇಷ್ಟು ಹೊತ್ತು ಮನೆಯೊಳಗೇ ಇದ್ದವಳನ್ನು ಹೊರಗೆ ಎಳೆದಿದ್ದು ದಲಿತ ಕವಿ ಸಿದ್ಧಲಿಂಗಯ್ಯನವರ ಆತ್ಮಕತೆ 'ಊರುಕೇರಿ'. ಶುರುವಿನಲ್ಲೇ ಒಂದು ಚಿತ್ರ ಬರುತ್ತದೆ. ಹೊಲದಲ್ಲಿ ಇಬ್ಬರ ಹೆಗಲ ಮೇಲೆ ನೊಗ ಇಟ್ಟು, ಹಿಂದಿನಿಂದ ಇನ್ನೊಬ್ಬ ಉಳುತ್ತಿದ್ದಾನೆ. ಎತ್ತುಗಳ ಜಾಗದಲ್ಲಿ ಮನುಷ್ಯರು. ನೋಡುತ್ತಿರುವ ಹುಡುಗನಿಗೆ ಗೊತ್ತಾಗುತ್ತದೆ, ಆ ಇಬ್ಬರಲ್ಲಿ ಒಬ್ಬರು ತನ್ನ ಅಪ್ಪ. ಇಂಥದ್ದನ್ನು ಬರೆಯಲು ಕೂತರೆ ಬೇರೆಯವರಾದರೆ ಪುಟಗಟ್ಟಲೆ ಬರೆಯುತ್ತಿದ್ದರೇನೋ. ಇವರು ಕೆಲವೇ ಮಾತಿನಲ್ಲಿ ಹೇಳಿ ಮುಂದೆ ಹೋಗುತ್ತಾರೆ. 1975ರಲ್ಲಿ 'ಹೊಲೆಮಾದಿಗರ ಹಾಡು' ಬರೆದ ಕವಿಯ ಕೈಯಲ್ಲಿ ಈ ಶಾಂತ ದನಿ ನಾನು ನಿರೀಕ್ಷಿಸಿರಲಿಲ್ಲ. ಆ ಕವನಗಳಲ್ಲಿ ಕೆಂಡ ಇದೆ. ಇಲ್ಲಿ ನಗು ಇದೆ.

ಆ ನಗುವಿನ ಬಗ್ಗೆಯೇ ನಾನು ತುಂಬಾ ಯೋಚನೆ ಮಾಡಿದ್ದು. ಮಾಗಡಿ ಕಡೆಯ ಮಂಚನಬೆಲೆ, ಆಮೇಲೆ ಬೆಂಗಳೂರಿನ ಶ್ರೀರಾಮಪುರ, ಹಾಸ್ಟೆಲು, ಹಸಿವು, ಹೋರಾಟ. ಎಲ್ಲೂ ತಮ್ಮ ಮೇಲೆ ಮರುಕ ಹುಟ್ಟಿಸಲು ಹೋಗುವುದಿಲ್ಲ. ವಿಮರ್ಶಕ ಡಿ.ಆರ್. ನಾಗರಾಜ್ ಈ ಪುಸ್ತಕದ ಬಗ್ಗೆ ಬರೆಯುತ್ತಾ ಬಡವರ ನಗುವಿಗೆ ಇರುವ ಶಕ್ತಿಯ ಮಾತಾಡಿದ್ದಾರೆ. ಪುಸ್ತಕ ಓದಿ ಮುಗಿಸಿದ ಮೇಲೆ ಆ ಮಾತು ನಿಜ ಅನ್ನಿಸಿತು. ಊರಿನವರು ಯಾರ ಬಾಯಿ ಮುಚ್ಚಿಸಲು ನೋಡಿದರೋ ಅವರೇ ಹೀಗೆ ನಗುತ್ತಾ ಮಾತಾಡಿದರೆ, ಬಾಯಿ ಮುಚ್ಚಿಸಿದವರಿಗೆ ತಲೆ ಎತ್ತಲು ಜಾಗ ಇರುವುದಿಲ್ಲ. 'ಘಾಚರ್ ಘೋಚರ್'ನ ಮನೆಯವರು ಬಡತನ ನೆನೆಸಿಕೊಂಡರೆ ನಡುಗುತ್ತಾರೆ, ಅವರಿಗಿಂತ ಎಷ್ಟೋ ಪಾಲು ಕಡುಬಡತನ ಕಂಡ ಸಿದ್ಧಲಿಂಗಯ್ಯ ಅದನ್ನು ನಗುತ್ತಾ ಎದುರಿಗೆ ಕೂರಿಸಿಕೊಂಡು ಮಾತಾಡಿಸುತ್ತಾರೆ. ಎರಡನ್ನೂ ಹತ್ತಿರ ಹತ್ತಿರ ಓದದೆ ಇದ್ದಿದ್ದರೆ ನನಗೆ ಇದು ಹೊಳೆಯುತ್ತಿರಲಿಲ್ಲ. 2021ರ ಜೂನ್‌ನಲ್ಲಿ ಕೋವಿಡ್ ಅವರನ್ನು ಕರೆದುಕೊಂಡು ಹೋಯಿತು. ಅವರನ್ನು ಒಂದು ಸಲವಾದರೂ ಎದುರಿಗೆ ಕೂತು ಕೇಳಬೇಕಿತ್ತು ಅಂತ ಈಗ ಅನ್ನಿಸುತ್ತದೆ.

ಅನುವಾದ ಅಂದೆನಲ್ಲ, ಅದು 'ಪ್ಯಾಪಿಲಾನ್'. ಫ್ರೆಂಚ್ ಗಯಾನಾದ ಜೈಲುಗಳಿಂದ ಮತ್ತೆ ಮತ್ತೆ ತಪ್ಪಿಸಿಕೊಳ್ಳಲು ನೋಡುವ ಕೈದಿಯ ಕತೆ, ಪ್ರದೀಪ್ ಕೆಂಜಿಗೆ ಮತ್ತು ಪೂರ್ಣಚಂದ್ರ ತೇಜಸ್ವಿ ಸೇರಿ ಕನ್ನಡಕ್ಕೆ ತಂದದ್ದು. ತೆಂಗಿನಕಾಯಿ ತುಂಬಿದ ಚೀಲದ ಮೇಲೆ ಸಮುದ್ರಕ್ಕೆ ಇಳಿಯುವ ಭಾಗ ಓದುವಾಗ ನಿದ್ದೆ ಬರಲಿಲ್ಲ. ಓದಿಸಿಕೊಂಡು ಹೋಗುತ್ತದೆ. ಅದಕ್ಕಿಂತ ಜಾಸ್ತಿ ಹೇಳಲು ನನ್ನಲ್ಲಿ ಏನೂ ಇಲ್ಲ.

ಇನ್ನು ವಿಜ್ಞಾನದ್ದು. ಬಿ.ಜಿ.ಎಲ್. ಸ್ವಾಮಿಯವರ 'ನಮ್ಮ ಹೊಟ್ಟೆಯಲ್ಲಿ ದಕ್ಷಿಣ ಅಮೆರಿಕಾ'. ಸ್ವಾಮಿ ಡಿವಿಜಿಯವರ ಮಗ, ಚೆನ್ನೈನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಸಸ್ಯಶಾಸ್ತ್ರದ ಪ್ರೊಫೆಸರ್, ಆಮೇಲೆ ಪ್ರಿನ್ಸಿಪಾಲ್. 'ಹಸುರು ಹೊನ್ನು'ಗೆ 1978ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದಿತ್ತು, ಹಾಗಾಗಿ ಅದು ಜಾಸ್ತಿ ಜನಕ್ಕೆ ಗೊತ್ತು. ಈ ಪುಸ್ತಕ ಕೂಡ ಅಷ್ಟೇ ಸೊಗಸು. ಮೆಣಸಿನಕಾಯಿ, ಆಲೂಗಡ್ಡೆ, ಟೊಮ್ಯಾಟೊ, ಕಡಲೆಕಾಯಿ, ಪರಂಗಿ, ಸೀಬೆ, ಗೋಡಂಬಿ ಇವೆಲ್ಲ ಅಮೆರಿಕಾ ಖಂಡಗಳ ಕಡೆಯಿಂದ ಹಡಗು ಹತ್ತಿ ಬಂದವು. 16ನೇ ಶತಮಾನದಲ್ಲಿ ಪೋರ್ಚುಗೀಸರು ಮೆಣಸಿನಕಾಯಿ ತರುವವರೆಗೆ ನಮ್ಮವರಿಗೆ ಖಾರ ಅಂದರೆ ಕಾಳುಮೆಣಸು, ಶುಂಠಿ, ಹಿಪ್ಪಲಿ. ಇದನ್ನು ಓದಿದ ಮೇಲೆ ನಮ್ಮ ಮನೆಯ ತಿಥಿ ಅಡುಗೆ ನೆನಪಾಯಿತು. ಅವತ್ತು ಅಜ್ಜಿ ಸಾರಿಗೆ ಮೆಣಸಿನಕಾಯಿ ಹಾಕುತ್ತಿರಲಿಲ್ಲ, ಕಾಳುಮೆಣಸನ್ನೇ ಕುಟ್ಟುತ್ತಿದ್ದರು. ಆಲೂಗಡ್ಡೆ, ಟೊಮ್ಯಾಟೊ ಅಡುಗೆಮನೆಯೊಳಗೆ ಬರುವ ಹಾಗಿಲ್ಲ. ಬಾಳೆಕಾಯಿ, ಹಾಗಲಕಾಯಿ ಆಗಬಹುದು. ಯಾಕೆ ಅಂತ ಕೇಳಿದರೆ 'ಮಡಿಗೆ ಆಗಲ್ಲ' ಅನ್ನುತ್ತಿದ್ದರು. ನೂರಾರು ವರ್ಷದ ಹಿಂದೆ ಹೊರಗಿನಿಂದ ಬಂದ ತರಕಾರಿಯನ್ನು ಆ ಅಡುಗೆ ಇನ್ನೂ ಒಳಗೆ ಬಿಟ್ಟುಕೊಂಡಿಲ್ಲ. ನನ್ನ ಪ್ರಶ್ನೆ ಇಲ್ಲಿಗೂ ಬಂತು ನೋಡಿ, ಯಾರು ಒಳಗೆ, ಯಾರು ಹೊರಗೆ ಅನ್ನುವ ಲೆಕ್ಕ ತರಕಾರಿಗೂ ಇದೆ.

ನೀವು ಎಲ್ಲಿಂದ ಶುರು ಮಾಡಬಹುದು? ಸಮಯ ಕಡಿಮೆ ಇದ್ದರೆ 'ಘಾಚರ್ ಘೋಚರ್', ಒಂದು ಭಾನುವಾರ ಸಾಕು. ಮನೆಯಲ್ಲಿ ಕಾಲೇಜಿಗೆ ಹೋಗುವ ಮಕ್ಕಳಿದ್ದರೆ ಸ್ವಾಮಿಯವರ ಪುಸ್ತಕ ಅವರ ಕೈಗೆ ಕೊಡಿ. 'ಊರುಕೇರಿ'ಯನ್ನು ಮಾತ್ರ ಅವಸರದಲ್ಲಿ ಓದಬೇಡಿ, ನಗು ಬಂದ ಕಡೆ ಒಂದು ನಿಮಿಷ ನಿಂತು ಯಾಕೆ ನಕ್ಕೆ ಅಂತ ಯೋಚಿಸಿ. ನಾನು ಮುಂದಕ್ಕೆ ವೈದೇಹಿಯವರ 'ಅಸ್ಪೃಶ್ಯರು' ಕಾದಂಬರಿ ತೆಗೆದಿಟ್ಟುಕೊಂಡಿದ್ದೇನೆ. ಇದೇ ದಾರಿಯಲ್ಲಿ, ಹೆಂಗಸರು ಬರೆದ ಒಂದು ಒಳ್ಳೆಯ ಆತ್ಮಕತೆ ಕನ್ನಡದಲ್ಲಿ ಓದಿದ್ದರೆ ಹೆಸರು ತಿಳಿಸಿ, ಅದನ್ನೂ ತರಿಸಿಕೊಳ್ಳುತ್ತೇನೆ.