ಕುಂಬಳಕಾಯಿ ಕುಕ್ಕಿ ಮೆತ್ತಗೆ ಬರಬೇಕು, ಆದರೆ ಕೇಕ್ ತರಹ ಆಗಬಾರದು. ಏನು ಮಾಡಬೇಕು?

ತೊಂದರೆ ಇರುವುದು ನೀರಿನಲ್ಲಿ. ಸಿಹಿಕುಂಬಳದಲ್ಲಿ ನೂರಕ್ಕೆ ಸುಮಾರು 90 ಪಾಲು ನೀರೇ. ಅದೆಲ್ಲ ಹಿಟ್ಟಿಗೆ ಸೇರಿದರೆ ಕುಕ್ಕಿ ಉಬ್ಬಿ ಪುಟ್ಟ ಕೇಕ್ ಆಗುತ್ತದೆ. ಹಾಗಾಗಿ ಬೇಯಿಸಿ ಅರೆದ 120 ಗ್ರಾಂ ತಿರುಳನ್ನು ತೆಳು ಬಟ್ಟೆಯಲ್ಲಿ ಕಟ್ಟಿ, ತೂಕ ಅರ್ಧಕ್ಕೆ ಇಳಿಯುವ ತನಕ ಹಿಂಡಿ. ಬಟ್ಟೆ ಬಿಚ್ಚಿದಾಗ ಉಂಡೆಯಾಗಿ ಬಿಟ್ಟು ಬಂದರೆ ಸರಿ. ಇನ್ನೂ ಅಂಟುತ್ತಿದ್ದರೆ ಮತ್ತೆ ಹಿಂಡಿ.

ಮೊಟ್ಟೆಗೂ ಅದೇ ಲೆಕ್ಕ: ಒಂದರ ಹಳದಿ ಮಾತ್ರ ಸಾಕು, ಬಿಳಿ ಬೇಡ. ಕರಗಿಸಿ ಆರಿಸಿದ 115 ಗ್ರಾಂ ಬೆಣ್ಣೆಗೆ 150 ಗ್ರಾಂ ಕಂದು ಸಕ್ಕರೆ, ಹಳದಿ, ತಿರುಳು ಹಾಕಿ ಕಲಸಿ. ಆಮೇಲೆ 190 ಗ್ರಾಂ ಮೈದಾ, ಅರ್ಧ ಟೀ ಚಮಚ ಅಡುಗೆ ಸೋಡಾ, ಚಿಟಿಕೆ ಉಪ್ಪು. ಕಂದು ಸಕ್ಕರೆಯೇ ಇರಲಿ, ಅದು ತೇವ ಹಿಡಿದಿಡುತ್ತದೆ.

ಮಸಾಲೆಗೆ ಒಂದೂವರೆ ಟೀ ಚಮಚ ಚಕ್ಕೆ ಪುಡಿ, ಅರ್ಧ ಟೀ ಚಮಚ ಒಣಶುಂಠಿ, ಸ್ವಲ್ಪ ಜಾಯಿಕಾಯಿ. ಲವಂಗ ಚಿಟಿಕೆ ಸಾಕು, ಜಾಸ್ತಿಯಾದರೆ ಹಲ್ಲುನೋವಿನ ಔಷಧಿ ಥರ ಇರುತ್ತದೆ! ನಿಜ ಹೇಳಬೇಕೆಂದರೆ, ಅಮೆರಿಕದಂಥ ಕಡೆ ಕುಂಬಳದ ತಿನಿಸಲ್ಲಿ ಶರತ್ಕಾಲದ ರುಚಿ ಅಂತ ಜನ ಮೆಚ್ಚುವುದು ಈ ಮಸಾಲೆಯನ್ನೇ. ಕುಂಬಳದ್ದು ತೀರಾ ಸಪ್ಪೆ ರುಚಿ ಅಲ್ವಾ?

ಹಿಟ್ಟನ್ನು ಅರ್ಧ ಗಂಟೆ ಫ್ರಿಜ್‌ನಲ್ಲಿಟ್ಟು, ಉಂಡೆ ಮಾಡಿ ಕೈಯಿಂದ ತಟ್ಟಿ. ಇದು ತಾನಾಗಿ ಅಷ್ಟು ಹರಡುವುದಿಲ್ಲ. ಓವನ್‌ನಲ್ಲಿ 180 ಡಿಗ್ರಿ ಸೆಲ್ಸಿಯಸ್‌ನಲ್ಲಿ 10ರಿಂದ 12 ನಿಮಿಷ ಬೇಯಿಸಿ. ಅಂಚು ಗಟ್ಟಿಯಾಗಿ ನಡು ಇನ್ನೂ ಹಸಿ ಅನ್ನಿಸುವಾಗಲೇ ಹೊರಗೆ ತೆಗೆದು, ಟ್ರೇಯಲ್ಲೇ ಹತ್ತು ನಿಮಿಷ ಬಿಡಿ. ಪೂರ್ತಿ ಆರುವ ಮೊದಲು ಡಬ್ಬಿಗೆ ತುಂಬಬೇಡಿ, ಒಂದಕ್ಕೊಂದು ಅಂಟಿಕೊಳ್ಳುತ್ತವೆ.