ದೂರದ ಗ್ಯಾಲಕ್ಸಿಯ ಧೂಳು, ಅನಿಲದ ಲೆಕ್ಕ ಬರೀ ಅಂದಾಜಾ?

ನೂರಾರು ಕೋಟಿ ಜ್ಯೋತಿರ್ವರ್ಷ ದೂರದ ಗ್ಯಾಲಕ್ಸಿ ಫೋಟೋದಲ್ಲಿ ಒಂದು ಚುಕ್ಕಿಯಷ್ಟೇ, ಅದರಲ್ಲಿ ಇಷ್ಟು ಧೂಳಿದೆ, ಇಷ್ಟು ಅನಿಲವಿದೆ ಅಂತ ಹೇಳುವುದು ಬರೀ ಅಂದಾಜು ಅಲ್ವಾ ಅಂತ ಕೇಳಿದ್ದೀರಿ.

ಅಲ್ಲ. ಬಹುಪಾಲು ಅಳೆದೇ ಹೇಳುವುದು. ಒಂದು ಕಡೆ ಮಾತ್ರ ನಿಮ್ಮ ಅನುಮಾನ ಸರಿ, ಅದನ್ನೂ ಹೇಳುತ್ತೇನೆ. ರೇಡಿಯೋ ದೂರದರ್ಶಕಗಳ ಡೇಟಾ ನೋಡುವುದೇ ನನ್ನ ಕೆಲಸ, ಹಾಗಾಗಿ ಉತ್ತರ ಸ್ವಲ್ಪ ಉದ್ದವಾಗುತ್ತದೆ.

ಮೊದಲು ಧೂಳು. ಇಂಗಾಲ, ಸಿಲಿಕೇಟ್‌ಗಳ ಕಣಗಳು ಇವು, ಹೆಚ್ಚಿನವು ಒಂದು ಮೈಕ್ರಾನ್‌ಗಿಂತಲೂ (ಮಿಲಿಮೀಟರಿನ ಸಾವಿರದಲ್ಲೊಂದು ಭಾಗ) ಸಣ್ಣವು. ನಕ್ಷತ್ರಗಳ ನೀಲಿ ಮತ್ತು ಅತಿನೇರಳೆ ಬೆಳಕನ್ನು ಜಾಸ್ತಿ ಹೀರಿಕೊಳ್ಳುತ್ತವೆ. ಹಗಲೆಲ್ಲ ಕಾದ ತಾರಸಿ ರಾತ್ರಿ ಶಾಖ ಬಿಡುತ್ತದಲ್ಲ, ಹಾಗೆ ಹೀರಿಕೊಂಡದ್ದನ್ನು ಈ ಕಣಗಳು ವಾಪಸ್ ಬಿಡುತ್ತವೆ. ಆದರೆ ಇವುಗಳ ಉಷ್ಣತೆ ಸೊನ್ನೆಗಿಂತ 230–250 ಡಿಗ್ರಿ ಸೆಲ್ಸಿಯಸ್ ಕೆಳಗೆ. ಅಷ್ಟು ತಣ್ಣಗಿನ ವಸ್ತು ಬಿಡುವುದು ಇನ್‌ಫ್ರಾರೆಡ್ ಅಲೆಗಳನ್ನು. ವಿಶ್ವ ಹಿಗ್ಗುತ್ತಿರುವುದರಿಂದ ಅವು ದಾರಿಯಲ್ಲಿ ಹಿಗ್ಗಿ, ನಮ್ಮನ್ನು ತಲುಪುವಾಗ ಮಿಲಿಮೀಟರ್ ಆಸುಪಾಸಿಗೆ ಬಂದಿರುತ್ತವೆ. ನಮ್ಮ ಗಾಳಿಯಲ್ಲಿರುವ ನೀರಾವಿ ಇವನ್ನು ನುಂಗಿಬಿಡುತ್ತದೆ. ಅದಕ್ಕೇ ಚಿಲಿಯ ಅಟಕಾಮ ಮರುಭೂಮಿಯಲ್ಲಿ, 5000 ಮೀಟರ್ ಎತ್ತರದ ಒಣ ಬಯಲಿನಲ್ಲಿ, ಅಲ್ಮಾ ದೂರದರ್ಶಕದ 66 ಆಂಟೆನಾಗಳನ್ನು ಇಟ್ಟಿರುವುದು.

ಇದು ಅಂದಾಜಲ್ಲ ಅನ್ನುವುದಕ್ಕೆ ನನಗೆ ತುಂಬಾ ಇಷ್ಟವಾದ ಒಂದು ಉದಾಹರಣೆ ಇದೆ. 1995ರ ಡಿಸೆಂಬರ್‌ನಲ್ಲಿ ಹಬಲ್ ದೂರದರ್ಶಕ ಸಪ್ತರ್ಷಿ ಮಂಡಲದ ಹತ್ತಿರ ಒಂದು ಚೂರು ಆಕಾಶವನ್ನು ಹತ್ತು ದಿನ ದಿಟ್ಟಿಸಿತು. ಸಾವಿರಾರು ಗ್ಯಾಲಕ್ಸಿ ಕಂಡವು. 1998ರಲ್ಲಿ ಅದೇ ಜಾಗವನ್ನು ಹವಾಯಿಯ ಮೌನಾ ಕಿಯಾ ಬೆಟ್ಟದ ಮೇಲಿನ ಜೇಮ್ಸ್ ಕ್ಲರ್ಕ್ ಮ್ಯಾಕ್ಸ್‌ವೆಲ್ ದೂರದರ್ಶಕದಿಂದ 850 ಮೈಕ್ರಾನ್ ಅಲೆಯುದ್ದದಲ್ಲಿ ನೋಡಿದರು. ಅಲ್ಲಿ ಎಲ್ಲಕ್ಕಿಂತ ಪ್ರಖರವಾಗಿ ಹೊಳೆದ ಚುಕ್ಕಿಗೆ ಎಚ್‌ಡಿಎಫ್ 850.1 ಅಂತ ಹೆಸರಿಟ್ಟರು. ಹಬಲ್ ಚಿತ್ರದಲ್ಲಿ ಆ ಜಾಗದಲ್ಲಿ ಅದರ ಸುಳಿವೇ ಇಲ್ಲ! ನಕ್ಷತ್ರಗಳ ಬೆಳಕನ್ನೆಲ್ಲ ಧೂಳು ಮುಚ್ಚಿಹಾಕಿತ್ತು.

ಅದು ಎಷ್ಟು ದೂರ ಅಂತ ತಿಳಿಯಲು 2012 ಬರಬೇಕಾಯಿತು. ದಾರಿ ತೋರಿಸಿದ್ದು ಕಾರ್ಬನ್ ಮೊನಾಕ್ಸೈಡ್ ಅನಿಲ. ಈ ಅಣು ಗಿರಗಿರನೆ ತಿರುಗುತ್ತಾ ಸೂಸುವ ಅಲೆಗಳ ಆವರ್ತನ ಹೆಚ್ಚೂಕಡಿಮೆ 115.27 ಗಿಗಾಹರ್ಟ್ಸ್, ಅದರ ಎರಡರಷ್ಟು, ಮೂರರಷ್ಟು, ಹೀಗೇ ಹೋಗುತ್ತದೆ. ಇದು ಪ್ರಯೋಗಾಲಯದಲ್ಲಿ ಅಳೆದ ಸಂಖ್ಯೆ. ಫ್ರಾನ್ಸಿನ ಆಲ್ಪ್ಸ್‌ನಲ್ಲಿರುವ ಆಂಟೆನಾಗಳಿಗೆ ಎಚ್‌ಡಿಎಫ್ 850.1ರಿಂದ ಸಿಕ್ಕ ಎರಡು ಗೆರೆಗಳು (ಒಂದೊಂದು ಆವರ್ತನದಲ್ಲಿ ಎದ್ದು ಕಾಣುವ ಸಂಕೇತಗಳು) 93.2 ಮತ್ತು 111.8 ಗಿಗಾಹರ್ಟ್ಸ್‌ನಲ್ಲಿದ್ದವು. ನೀವೇ ಲೆಕ್ಕ ಹಾಕಿ. ವ್ಯತ್ಯಾಸ 18.6. ಅದನ್ನು ಐದರಿಂದ ಗುಣಿಸಿದರೆ ಹೆಚ್ಚೂಕಡಿಮೆ ಮೊದಲನೆಯದು, ಆರರಿಂದ ಗುಣಿಸಿದರೆ ಹೆಚ್ಚೂಕಡಿಮೆ ಎರಡನೆಯದು. 115.27 ಇದ್ದದ್ದು 18.6 ಆಗಿದೆ ಅಂದರೆ ಅಲೆ ಸುಮಾರು 6.2 ಪಟ್ಟು ಹಿಗ್ಗಿದೆ. ಹಾಗಾದರೆ ಅಲ್ಲಿಂದ ಬೆಳಕು ಹೊರಟು ಸುಮಾರು 1250 ಕೋಟಿ ವರ್ಷವಾಗಿದೆ. ಅಲ್ಲಿ ವರ್ಷಕ್ಕೆ ಸುಮಾರು 850 ಸೂರ್ಯರಷ್ಟು ದ್ರವ್ಯ ನಕ್ಷತ್ರಗಳಾಗುತ್ತಿತ್ತು. ನಮ್ಮ ಕ್ಷೀರಪಥದಲ್ಲಿ ಈಗ ವರ್ಷಕ್ಕೆ ಒಂದೆರಡು ಸೂರ್ಯರಷ್ಟು ಆದರೆ ಹೆಚ್ಚು. ಬರೀ ಕಣ್ಣಿಗೆ ಕಾಣುವ ಬೆಳಕನ್ನೇ ನಂಬಿದ್ದರೆ ಇಂಥದ್ದೊಂದು ಇದೆ ಅಂತಲೇ ಗೊತ್ತಾಗುತ್ತಿರಲಿಲ್ಲ. ಇನ್‌ಫ್ರಾರೆಡ್‌ನಲ್ಲಿ ನೋಡುವ ಜೇಮ್ಸ್ ವೆಬ್‌ಗೆ ಈಗ ಅದು ಕಂಡಿದೆ.

ಇನ್ನು ಅನಿಲ. ಬಿಡಿ ಪರಮಾಣುಗಳಾಗಿರುವ ಹೈಡ್ರೋಜನ್ 21 ಸೆಂಟಿಮೀಟರ್ ಅಲೆಯುದ್ದದ ರೇಡಿಯೋ ಅಲೆ ಸೂಸುತ್ತದೆ. ಆದರೆ ಅದು ವಿಪರೀತ ಕ್ಷೀಣ. ದೂರದ ಒಂದು ಗ್ಯಾಲಕ್ಸಿಯ ಡೇಟಾ ತೆರೆದರೆ ಪರದೆಯ ಮೇಲೆ ಕಾಣುವುದು ಗದ್ದಲ ಅಷ್ಟೇ. ಮಧ್ಯೆ ಮಧ್ಯೆ ಚೂಪಾಗಿ ಎದ್ದು ನಿಂತಿರುವುದೆಲ್ಲ ಮನುಷ್ಯರು ಮಾಡಿದ ರೇಡಿಯೋ ಸಂಕೇತ. ಅದನ್ನು ಹುಡುಕಿ ಹುಡುಕಿ ಫ್ಲ್ಯಾಗ್ ಮಾಡುವುದರಲ್ಲೇ (ಲೆಕ್ಕಕ್ಕೆ ಬೇಡ ಅಂತ ಗುರುತು ಹಾಕುವುದರಲ್ಲೇ) ನಮ್ಮ ಅರ್ಧ ದಿನ ಹೋಗುತ್ತದೆ.

ಹಾಗಾದರೆ ಏನು ಮಾಡುವುದು? ಪುಣೆ ಹತ್ತಿರ ಖೊಡದ್‌ನಲ್ಲಿರುವ ಜಿಎಂಆರ್‌ಟಿ ರೇಡಿಯೋ ದೂರದರ್ಶಕ ಬಳಸಿ, ಪುಣೆಯ ಎನ್‌ಸಿಆರ್‌ಎ ಸಂಶೋಧನಾ ಕೇಂದ್ರ ಮತ್ತು ನಮ್ಮ ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಯವರು ಸೇರಿ ಮಾಡಿದ್ದು ನೋಡಿ. 7,653 ಗ್ಯಾಲಕ್ಸಿಗಳ ದೂರ ಬೇರೆ ಸಮೀಕ್ಷೆಯಿಂದ ಮೊದಲೇ ಗೊತ್ತಿತ್ತು. ಪ್ರತಿಯೊಂದರ ಹೈಡ್ರೋಜನ್ ಗೆರೆ ಯಾವ ಆವರ್ತನಕ್ಕೆ ಬರಬೇಕೋ ಆ ಜಾಗಗಳನ್ನು ಒಂದರ ಮೇಲೊಂದು ಹೊಂದಿಸಿ ಸರಾಸರಿ ತೆಗೆದರು. ಗದ್ದಲ ಒಂದನ್ನೊಂದು ಕಳೆದುಕೊಂಡಿತು, ಸಂಕೇತ ಎದ್ದು ಬಂತು. 2020ರಲ್ಲಿ ಪ್ರಕಟವಾದ ಆ ಲೆಕ್ಕದಂತೆ, 800 ಕೋಟಿ ವರ್ಷಗಳ ಹಿಂದೆ ಇಂಥ ಗ್ಯಾಲಕ್ಸಿಯೊಂದರಲ್ಲಿ ಸರಾಸರಿ ಸುಮಾರು 1200 ಕೋಟಿ ಸೂರ್ಯರಷ್ಟು ಹೈಡ್ರೋಜನ್ ಇತ್ತು. ಬಹಳ ಅನಿಸುತ್ತದೆ ಅಲ್ವಾ? ಆದರೆ ಅವು ನಕ್ಷತ್ರ ಹುಟ್ಟಿಸುತ್ತಿದ್ದ ವೇಗಕ್ಕೆ ಅದು 100–200 ಕೋಟಿ ವರ್ಷದಲ್ಲಿ ಮುಗಿದುಹೋಗುವಷ್ಟೇ. ಹೊರಗಿನಿಂದ ಅಷ್ಟೇ ಬೇಗ ಹೊಸ ಅನಿಲ ಬಂದು ಸೇರಲಿಲ್ಲ. ವಿಶ್ವದಲ್ಲಿ ನಕ್ಷತ್ರಗಳ ಹುಟ್ಟು ಆಮೇಲೆ ಇಳಿಯುತ್ತಾ ಬಂದಿದ್ದಕ್ಕೆ ಇದೇ ಕಾರಣ ಇರಬೇಕು ಅನ್ನುತ್ತಾರೆ ಅವರು. ನನಗೂ ಅದು ಗಟ್ಟಿ ವಾದ ಅನಿಸುತ್ತದೆ. ನಮ್ಮ ದೇಶದ ದೂರದರ್ಶಕದಿಂದ ಇಷ್ಟು ದೊಡ್ಡ ಪ್ರಶ್ನೆಗೆ ಉತ್ತರ ಸಿಕ್ಕಿದ್ದು ನನಗೆ ಈಗಲೂ ಖುಷಿ ಕೊಡುತ್ತದೆ.

ಈಗ ನಿಮ್ಮ ಅನುಮಾನ ಸರಿಯಾಗುವ ಜಾಗ. ನಕ್ಷತ್ರ ಹುಟ್ಟುವುದು ಪರಮಾಣುಗಳು ಜೋಡಿಯಾಗಿ ಅಣುಗಳಾದ ಹೈಡ್ರೋಜನ್ ಮೋಡಗಳಲ್ಲಿ. ಆ ಅಣು ತಣ್ಣಗಿದ್ದಾಗ ಏನೂ ಸೂಸುವುದಿಲ್ಲ ಅಂತಲೇ ಹೇಳಬೇಕು. ಹಾಗಾಗಿ ಜೊತೆಗಿರುವ ಕಾರ್ಬನ್ ಮೊನಾಕ್ಸೈಡನ್ನು ಅಳೆದು, ಒಂದು ಸಂಖ್ಯೆಯಿಂದ ಗುಣಿಸಿ, ಹೈಡ್ರೋಜನ್ ಇಷ್ಟು ಅನ್ನುತ್ತಾರೆ. ಆ ಗುಣಕವನ್ನು ನಮ್ಮ ಕ್ಷೀರಪಥದಲ್ಲಿ ಅಳೆದಿದ್ದೇವೆ. ಆದರೆ ಭರಾಟೆಯಿಂದ ನಕ್ಷತ್ರ ಹುಟ್ಟಿಸುವ ಗ್ಯಾಲಕ್ಸಿಗಳಿಗೆ ಅದರ ನಾಲ್ಕನೇ, ಐದನೇ ಒಂದು ಭಾಗ ಸಾಕು ಅಂತ ಹಲವರು ಬಳಸುತ್ತಾರೆ. ಇಂಗಾಲ, ಆಮ್ಲಜನಕ ಕಡಿಮೆ ಇರುವ ಸಣ್ಣ ಗ್ಯಾಲಕ್ಸಿಗಳಲ್ಲಿ ಉಲ್ಟಾ. ಅಲ್ಲಿ ಅತಿನೇರಳೆ ಬೆಳಕಿಗೆ ಕಾರ್ಬನ್ ಮೊನಾಕ್ಸೈಡ್ ಒಡೆದುಹೋಗುತ್ತದೆ, ಹೈಡ್ರೋಜನ್ ಉಳಿಯುತ್ತದೆ, ಗುಣಕ ಎಷ್ಟೋ ಪಟ್ಟು ಜಾಸ್ತಿ ಬೇಕು. ಧೂಳಿನ ತೂಕದಿಂದ ಬೇರೆ ದಾರಿಯಲ್ಲಿ ಲೆಕ್ಕ ಹಾಕಿ ತಾಳೆ ನೋಡುತ್ತಾರೆ, ನಿಜ. ಆದರೆ ಧೂಳಿಗೆ ಎಷ್ಟು ಪಟ್ಟು ಅನಿಲ ಅನ್ನುವುದೂ ಒಂದು ಗುಣಕವೇ.

ಇನ್ನು ಮುಂದೆ ಇಂಥ ಸುದ್ದಿ ಓದಿದಾಗ ಅನಿಲದ ತೂಕ ಹೇಗೆ ಬಂತು ಅಂತ ನೋಡಿ. 21 ಸೆಂಟಿಮೀಟರ್ ಗೆರೆಯಿಂದ ಬಂದಿದ್ದರೆ ನಾನು ಹೆಚ್ಚು ನಂಬುತ್ತೇನೆ. ಕಾರ್ಬನ್ ಮೊನಾಕ್ಸೈಡ್‌ನಿಂದ ಬಂದಿದ್ದರೆ, ಯಾವ ಗುಣಕ ಹಾಕಿದ್ದಾರೆ ಅಂತ ಮೊದಲು ಹುಡುಕುತ್ತೇನೆ.